ಅಪೆಂಡಿಕ್ಸ್ ನಿರುಪಯುಕ್ತ ಅಂಗವೇ?

ಮಾನ್ಯರೇ,

ಕಳೆದ ತಿಂಗಳು ನಗರದ ಆಸ್ಪತ್ರೆಯೊಂದರಲ್ಲಿ ಮಗಳ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮುಗಿಯುವುದನ್ನೇ ಕಾಯುತ್ತ ಕುಳಿತಿದ್ದಾಗ, ‘ಅದೊಂದು ಬೇಡದ ಬಾಲ, ತೆಗೆದರೆ ನಷ್ಟವೇನಿಲ್ಲ’ ಎಂದು ಪಕ್ಕದಲ್ಲಿದ್ದವರು ಸಮಾಧಾನ ಹೇಳಿದರು. ಅವಳ ವಿಜ್ಞಾನದ ನೋಟ್‌ಬುಕ್ಕಿನಲ್ಲೂ ‘ನಿರುಪಯುಕ್ತ ಅಂಗ’ ಎಂದೇ ಇದೆ. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತೂ ಇದೆ.

1871ರಲ್ಲಿ ಡಾರ್ವಿನ್ ಹಾಗೆ ಭಾವಿಸಿದ್ದು ಅಂದಿನ ತಿಳಿವಳಿಕೆಗೆ ಸಹಜವೇ. ಆದರೆ ದೊಡ್ಡ ಕರುಳಿನ ಆರಂಭದಲ್ಲಿ ಕಿರುಬೆರಳಿನಂತೆ ಜೋತಿರುವ ಈ ಕೊಳವೆಯ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ದಟ್ಟವಾಗಿದೆ. ಭೇದಿಯಿಂದ ಕರುಳು ತೊಳೆದುಹೋದಾಗಲೂ, ಒಂದೇ ಕಡೆ ಬಾಯಿರುವ ಈ ಮೂಲೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಉಳಿದುಕೊಂಡು ಮತ್ತೆ ಕರುಳನ್ನು ತುಂಬಿಕೊಳ್ಳುತ್ತವೆ ಎಂಬ ವಾದವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಮುಂದಿಟ್ಟರು. ನಾಳೆಯ ಮೊಸರಿಗೆಂದು ಬಟ್ಟಲಿನಲ್ಲಿ ಎತ್ತಿಡುವ ಹೆಪ್ಪಿನಂತೆ ಎನ್ನಬಹುದು.

ಹಾಗೆಂದು ಉರಿಯೂತ ಬಂದಾಗಲೂ ಅದನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿಯುವುದಲ್ಲ. ಅದಿಲ್ಲದೆಯೂ ಆರೋಗ್ಯವಾಗಿ ಬದುಕಬಹುದು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆಯ ಕೆಳಹೊಟ್ಟೆಗೆ ಇಳಿಯುವ ನೋವನ್ನು ಗ್ಯಾಸ್ಟ್ರಿಕ್ ಎಂದು ಬಗೆದು ಓಮದ ನೀರು ಕುಡಿಸುತ್ತ ಕೂರುವುದು (ನಾವೂ ಒಂದು ರಾತ್ರಿ ಹಾಗೆಯೇ ಕೂತೆವು) ಅಪಾಯಕಾರಿ, ಏಕೆಂದರೆ ಕೊಳವೆ ಒಡೆದರೆ ಸೋಂಕು ಹೊಟ್ಟೆಯೊಳಗೆಲ್ಲ ಹರಡಬಹುದು. ಶಿಕ್ಷಕರು ‘ನಿರುಪಯುಕ್ತ’ ಎಂಬ ಪದವನ್ನು ಕೈಬಿಟ್ಟು, ಈ ನೋವಿನ ಲಕ್ಷಣವನ್ನು ಮಕ್ಕಳಿಗೆ ಹೇಳಿಕೊಡಲಿ ಎಂಬುದು ನನ್ನ ಕೋರಿಕೆ.

– ಓದುಗ, ಬಸವನಗುಡಿ, ಬೆಂಗಳೂರು