ಕಲ್ಲಿನ ಗಡಸುತನ ನೋಡದೆ ಹೊಳಪಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಸರೋವರದ ದಂಡೆಯಲ್ಲಿ ಆಯ್ದು ತಂದ ಕಲ್ಲುಗಳನ್ನು ನೀರು, ಸಾಣೆಪುಡಿಗಳ ಜೊತೆ ಯಂತ್ರದಲ್ಲಿ ಉರುಳಿಸಿ ಹೊಳಪು ಕೊಡುವ ಹವ್ಯಾಸದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಬರಹವನ್ನು ಓದಿದೆ. ಹಲವು ವರ್ಷಗಳಿಂದ ಇದೇ ಕೆಲಸದಲ್ಲಿ ತೊಡಗಿರುವ ನನಗೆ ಇಂಥ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ಸಂತೋಷ ತಂದಿದೆ. ಆದರೆ ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಒಟ್ಟಿಗೆ ಯಂತ್ರದ ತಿರುಗುವ ಡಬ್ಬಿಗೆ, ಅಂದರೆ ಬ್ಯಾರೆಲ್ಲಿಗೆ, ತುಂಬಿ ಯಂತ್ರವನ್ನು ಚಾಲೂ ಮಾಡಿದರೆ ಕೆಲವೇ ದಿನಗಳಲ್ಲಿ ಅವು ರತ್ನದಂತೆ ಹೊಳೆಯುತ್ತವೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅದನ್ನು ನಂಬಿ ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರು ಖಂಡಿತ ನಿರಾಶರಾಗುತ್ತಾರೆ; ಅಷ್ಟೇ ಅಲ್ಲ, ಒಳ್ಳೆಯ ಕಲ್ಲುಗಳನ್ನೂ ಕೆಡಿಸಿಕೊಳ್ಳುತ್ತಾರೆ. ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ದಂಡೆಯ ಕಲ್ಲು ನಮ್ಮನ್ನು ಮರುಳು ಮಾಡುವುದು ಅದು ಒದ್ದೆಯಾಗಿರುವಾಗ. ಅಲೆ ಬಂದು ಹೋದ ಕ್ಷಣದಲ್ಲಿ ಕಡುಗೆಂಪಾಗಿ, ಒಳಗಿನ ಗೆರೆಗಳೆಲ್ಲ ಎದ್ದು ಕಾಣುವಂತೆ ಇದ್ದ ಕಲ್ಲು, ಮನೆಗೆ ತಂದು ಮೇಜಿನ ಮೇಲಿಟ್ಟು ಒಣಗಿದ ಕೂಡಲೇ ಬೂದಿ ಬಳಿದಂತೆ ಮಂಕಾಗುತ್ತದೆ. ಅಲೆಗಳು ಕಲ್ಲಿನ ಅಂಚುಗಳನ್ನು ಸವೆಸಿ ದುಂಡಗೆ ಮಾಡಿರುತ್ತವೆಯಾದರೂ, ಕಲ್ಲಿಗೆ ಕಲ್ಲು ಬಡಿದು ಆದ ಸಣ್ಣ ಸಣ್ಣ ಗಾಯಗಳು ಮೈತುಂಬ ಉಳಿದಿರುತ್ತವೆ. ಭೂತಗನ್ನಡಿ ಹಿಡಿದರೆ ಉಗುರಿನ ಗುರುತಿನಂಥ ಕಮಾನುಗಳು ಒಂದರ ಮೇಲೊಂದು ಕಾಣುತ್ತವೆ. ಬೆಳಕು ಅಲ್ಲೆಲ್ಲ ಚದುರಿಹೋಗುವುದರಿಂದಲೇ ಬಣ್ಣ ಮಾಸಿದಂತೆ ತೋರುತ್ತದೆ. ನೀರು ಆ ಕುಳಿಗಳನ್ನು ತುಂಬಿದಾಗ ಮೈ ಸಮನಾಗಿ ಬಣ್ಣ ಮರಳುತ್ತದೆ. ನೀರು ಅರೆ ಗಳಿಗೆಯ ಮಟ್ಟಿಗೆ ಮಾಡುವ ಈ ಕೆಲಸವನ್ನು ಶಾಶ್ವತವಾಗಿ ಮಾಡುವುದೇ ಹೊಳಪು ಕೊಡುವವರ ಉದ್ದೇಶ.

ಇದಕ್ಕೆ ಮೊದಲು ತಿಳಿಯಬೇಕಾದದ್ದು ಯಂತ್ರವನ್ನಲ್ಲ, ಕಲ್ಲಿನ ಗಡಸುತನವನ್ನು. ಜರ್ಮನ್ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ, 1ರಿಂದ 10ರವರೆಗಿನ ಗಡಸುತನದ ಮಾಪಕದಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ಗೆ 3, ಬೆಣಚುಕಲ್ಲಿಗೆ (ಕ್ವಾರ್ಟ್ಜ್) 7. ಅಗೇಟ್ ಮತ್ತು ಜಾಸ್ಪರ್ ಬೆಣಚುಕಲ್ಲಿನ ಬಳಗದವು, ಗಡಸುತನದಲ್ಲಿ ಅದರ ಆಸುಪಾಸಿನವು. ಉರುಳಿಸುವ ಯಂತ್ರಕ್ಕೆ ಇವುಗಳಿಗಿಂತ ಒಳ್ಳೆಯ ಕಲ್ಲುಗಳಿಲ್ಲ. ಇವುಗಳ ಜೊತೆ ಒಂದೇ ಒಂದು ಮೆದುಕಲ್ಲು ಸೇರಿದರೂ ಅದು ಸವೆದು ಹಿಟ್ಟಾಗಿ ನೀರನ್ನು ಗಂಜಿಯಂತೆ ಮಂದ ಮಾಡುತ್ತದೆ, ಉಳಿದವುಗಳ ಮೇಲೆ ಸಾಣೆಪುಡಿ ಕೆಲಸ ಮಾಡದಂತೆ ತಡೆಯುತ್ತದೆ. ಗ್ರಾನೈಟ್ ಕೂಡ ಸುಲಭದ ಕಲ್ಲಲ್ಲ: ಅದರಲ್ಲಿರುವ ಬೆಣಚು ಗಟ್ಟಿ, ಕಾಗೆಬಂಗಾರ (ಅಭ್ರಕ) ಮೆದು, ಹಾಗಾಗಿ ಮೆದು ಭಾಗ ಮೊದಲು ಸವೆದು ಮೈಯೆಲ್ಲ ಕುಳಿ ಬೀಳುತ್ತದೆ. ಅಮೆರಿಕದ ಮಿಷಿಗನ್ ಸರೋವರದ ದಂಡೆಯಲ್ಲಿ ಸಿಗುವ ಪೆಟಾಸ್ಕಿ ಕಲ್ಲಂತೂ ಪ್ರಾಚೀನ ಹವಳದ ಪಳೆಯುಳಿಕೆ, ಮುಖ್ಯವಾಗಿ ಕ್ಯಾಲ್ಸೈಟ್. ಅದರ ಮೇಲಿನ ಷಟ್ಕೋನದ ಚಿತ್ತಾರ ಎದ್ದು ಕಾಣಬೇಕಾದರೆ ಮರಳುಕಾಗದದಲ್ಲಿ ಕೈಯಿಂದಲೇ ಉಜ್ಜುವುದು ಲೇಸು.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಉಕ್ಕಿನ ಚಾಕುವಿನ ಮೊನೆಯಿಂದ ಕಲ್ಲಿನ ಮರೆಯ ಭಾಗದಲ್ಲಿ ಗೀರಿ ನೋಡಬೇಕು. ಗೀರು ಬಿದ್ದರೆ ಅದು ಬೆಣಚಿನ ಬಳಗದ್ದಲ್ಲ. ಗೀರಿದಾಗ ಬಂದ ಪುಡಿಯ ಮೇಲೆ ವಿನೆಗರ್‌ನ ಒಂದು ಹನಿ ಹಾಕಿದಾಗ ನೊರೆಗುಳ್ಳೆ ಎದ್ದರೆ ಅದು ಸುಣ್ಣಕಲ್ಲಿನ ಜಾತಿಯದು.

ಇನ್ನು ಸಾಣೆಯ ಹಂತಗಳ ವಿಚಾರ. ಉರುಳುವ ಬ್ಯಾರೆಲ್ಲಿನಲ್ಲಿ ಕಲ್ಲುಗಳು ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕೂ ತುಸು ಹೆಚ್ಚು ಇರಬೇಕು. ಚಿಕ್ಕವೂ ದೊಡ್ಡವೂ ಬೆರೆತಿದ್ದರೆ ಚೆನ್ನ. ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಮೊದಲು 60/90ರ ಒರಟು, ಆಮೇಲೆ 120/220, ಆಮೇಲೆ 500ರ ನಯ (ಅಂಕಿ ಹೆಚ್ಚಿದಷ್ಟೂ ಪುಡಿ ನಯ), ಹೀಗೆ ಬಳಸಿ, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಹೊಳಪಿನ ಪುಡಿ ಹಾಕುವುದು ರೂಢಿ. ಒಂದೊಂದು ಹಂತಕ್ಕೂ ಸುಮಾರು ಒಂದು ವಾರ ಹಗಲುರಾತ್ರಿ ಯಂತ್ರ ತಿರುಗಬೇಕು, ಒರಟು ಹಂತಕ್ಕೆ ಎರಡು ಮೂರು ವಾರ ಹಿಡಿದರೂ ಆಶ್ಚರ್ಯವಿಲ್ಲ. ಕಂಪಿಸುವ ಯಂತ್ರಗಳು ಬೇಗ ಮುಗಿಸುತ್ತವೆ, ನಿಜ. ಆದರೆ ಅವು ಕಲ್ಲಿನ ಆಕಾರವನ್ನು ಅಷ್ಟಾಗಿ ತಿದ್ದುವುದಿಲ್ಲ. ಪ್ರತಿ ಹಂತದ ಕೆಲಸ ಹಿಂದಿನ ಹಂತದ ಗೀರುಗಳನ್ನು ಅಳಿಸಿ ಅದಕ್ಕಿಂತ ಸಣ್ಣ ಗೀರುಗಳನ್ನು ಬಿಡುವುದು ಮಾತ್ರ. ಕಲ್ಲು ಮುಂದಿನ ಹಂತಕ್ಕೆ ಸಿದ್ಧವೇ ಎಂದು ತಿಳಿಯಲು ಅದನ್ನು ತೊಳೆದು, ಪೂರ್ತಿ ಒಣಗಿಸಿ ನೋಡಬೇಕು. ಒದ್ದೆಯಾಗಿದ್ದಾಗ ನೋಡಿದರೆ ದಂಡೆಯಲ್ಲಿ ಮೋಸಹೋದಂತೆಯೇ ಇಲ್ಲೂ ಮೋಸಹೋಗುತ್ತೇವೆ.

ಹಂತದಿಂದ ಹಂತಕ್ಕೆ ಹೋಗುವಾಗ ತೊಳೆಯುವುದರಲ್ಲಿ ಮಾಡಿದ ಒಂದು ಉದಾಸೀನಕ್ಕೆ ನಾನು ತೆತ್ತ ಬೆಲೆಯನ್ನು ಹೇಳಲೇಬೇಕು. ಒಂದು ಜಾಸ್ಪರ್ ಕಲ್ಲಿನ ನಡುವೆ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು. ಬಣ್ಣ ಚೆನ್ನಾಗಿದೆ ಎಂಬ ಆಸೆಯಿಂದ ಅದನ್ನು ತೆಗೆದಿಡದೆ ಕೊನೆಯ ಹಂತದವರೆಗೂ ಒಯ್ದೆ. ಸರಿಯಾಗಿ ತೊಳೆಯದ ಕಾರಣ ಆ ಬಿರುಕಿನೊಳಗೆ ಒರಟು ಪುಡಿಯ ಕೆಲವು ಕಣಗಳು ಸಿಕ್ಕಿಕೊಂಡಿದ್ದವು. ಹೊಳಪಿನ ವಾರದಲ್ಲಿ ಅವು ಹೊರಬಿದ್ದು ಬ್ಯಾರೆಲ್ಲಿನಲ್ಲಿದ್ದ ಎಲ್ಲ ಕಲ್ಲುಗಳ ಮೈಮೇಲೂ ಗೀರೆಳೆದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಅಂದು ನನಗೆ ಚೆನ್ನಾಗಿ ಅರ್ಥವಾಯಿತು. ಐದು ವಾರಗಳ ಕೆಲಸವನ್ನು ಮತ್ತೆ ಒರಟು ಪುಡಿಯಿಂದಲೇ ಶುರುಮಾಡಬೇಕಾಯಿತು. ಬಿರುಕುಬಿಟ್ಟ ಕಲ್ಲನ್ನು ಎಷ್ಟೇ ಚೆಂದವಿದ್ದರೂ ಈಗ ಬ್ಯಾರೆಲ್ಲಿನ ಹತ್ತಿರಕ್ಕೂ ತರುವುದಿಲ್ಲ. ಕಲ್ಲು, ಬ್ಯಾರೆಲ್, ಮುಚ್ಚಳದ ಅಂಚು ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತೇನೆ.

ಬರಹದಲ್ಲಿ ಒಂದು ಮಾತೂ ಇಲ್ಲದೆ ಬಿಟ್ಟುಹೋಗಿರುವುದು ತೊಳೆದಾಗ ಬರುವ ರಾಡಿಯ ವಿಷಯ. ಕಲ್ಲಿನ ಹಿಟ್ಟು ಮತ್ತು ಸವೆದ ಸಾಣೆಪುಡಿ ಬೆರೆತ ಈ ಬೂದುಬಣ್ಣದ ಕೆಸರನ್ನು ಬಚ್ಚಲಿಗೋ ಸಿಂಕಿಗೋ ಸುರಿದರೆ ಅದು ಕೊಳವೆಯ ತಳದಲ್ಲಿ ಕೂತು ಸಿಮೆಂಟಿನಂತೆ ಗಟ್ಟಿಯಾಗಿ ದಾರಿ ಕಟ್ಟಿಬಿಡುತ್ತದೆ. ಬಕೆಟ್ಟಿನಲ್ಲಿ ತೊಳೆದು, ಒಂದೆರಡು ದಿನ ಬಿಟ್ಟು, ಮೇಲಿನ ತಿಳಿನೀರನ್ನು ಗಿಡದ ಬುಡವಿಲ್ಲದ ಖಾಲಿ ನೆಲಕ್ಕೆ ಚೆಲ್ಲಿ, ಕೆಳಗಿನ ಕೆಸರನ್ನು ಒದ್ದೆಯಾಗಿರುವಾಗಲೇ ಚೀಲಕ್ಕೆ ತುಂಬಿ ಕಟ್ಟಿ ಕಸಕ್ಕೆ ಹಾಕಬೇಕು. ಅದು ಒಣಗಿ ಧೂಳಾಗಿ ಹಾರಲು ಬಿಡಬಾರದು. ಬೆಣಚಿನ ನುಣ್ಣನೆಯ ಧೂಳು ಉಸಿರಿನೊಂದಿಗೆ ಪದೇ ಪದೇ ಒಳಹೋದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಇದನ್ನು ಹೇಳದೆ ಈ ಹವ್ಯಾಸವನ್ನು ಯಾರಿಗೂ, ಅದರಲ್ಲೂ ಮಕ್ಕಳಿಗೆ, ಪರಿಚಯಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಎಷ್ಟು ಕಲ್ಲು ಆಯಬಹುದು ಎಂಬುದಕ್ಕೂ ಮಿತಿಯಿದೆ. ಮಿಷಿಗನ್ ರಾಜ್ಯದ ಸರ್ಕಾರಿ ಜಾಗಗಳಲ್ಲಿ ಒಬ್ಬರು ವರ್ಷಕ್ಕೆ 25 ಪೌಂಡ್, ಅಂದರೆ ಸುಮಾರು 11 ಕಿಲೋಗಿಂತ ಹೆಚ್ಚು ಕಲ್ಲು ಒಯ್ಯುವಂತಿಲ್ಲ. ಅದೇ ರಾಜ್ಯದಲ್ಲಿರುವ, ಸುಪೀರಿಯರ್ ಸರೋವರದ ಪಿಕ್ಚರ್ಡ್ ರಾಕ್ಸ್ ರಾಷ್ಟ್ರೀಯ ದಂಡೆಯಿಂದ ಒಂದು ಸಣ್ಣ ಕಲ್ಲನ್ನೂ ತೆಗೆಯುವಂತಿಲ್ಲ. ಯಾವ ದಂಡೆಗೆ ಹೋದರೂ ಅಲ್ಲಿನ ನಿಯಮವನ್ನು ಮೊದಲು ವಿಚಾರಿಸಬೇಕು. ಗಡಸುತನ ನೋಡಿ, ಬಿರುಕು ನೋಡಿ ದಂಡೆಯಲ್ಲೇ ಆರಿಸಿದರೆ ಚೀಲದಲ್ಲಿ ಉಳಿಯುವುದು ಒಂದು ಬ್ಯಾರೆಲ್ಲಿಗೆ ಸಾಕಾಗುವಷ್ಟೇ.

ಮುಂದೆ ಈ ವಿಷಯದ ಬಗ್ಗೆ ಬರಹ ಪ್ರಕಟಿಸುವಾಗ ಚಾಕುವಿನ ಪರೀಕ್ಷೆಯನ್ನೂ ರಾಡಿಯ ವಿಲೇವಾರಿಯನ್ನೂ ಕುರಿತು ಎರಡು ಸಾಲನ್ನಾದರೂ ಸೇರಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ