ಕಾಲು, ಕಣ್ಣಿನ ಬಗ್ಗೆಯೂ ಒಂದು ಮಾತು ಕೇಳಿ

ಮಾನ್ಯರೆ,

ಮಾರ್ಚ್ 24ರ ವಿಶ್ವ ಕ್ಷಯರೋಗ ದಿನಕ್ಕೆ ನಮ್ಮೂರಲ್ಲೂ ಜಾಥಾ ನಡೆಯಿತು. ಮಾಮೂಲಿ ಔಷಧಿಗೆ ಬಗ್ಗದ ಟಿ.ಬಿ.ಗೂ ಈಗ ಆರೇ ತಿಂಗಳ ಮಾತ್ರೆ ಬಂದಿದೆ ಎಂದು ಮೈಕಿನಲ್ಲಿ ಹೇಳಿದರು. ಸಂತೋಷ. ಅದೇ ಕಾಯಿಲೆಗೆ ನಾನು ಇಪ್ಪತ್ತು ತಿಂಗಳು ಮಾತ್ರೆ ನುಂಗಿದವಳು. ಮೈಕಿನಲ್ಲಿ ಬಾರದ ಒಂದು ವಿಷಯ ಹೇಳಬೇಕು ಅನ್ನಿಸಿತು.

ನಾನು ಬ್ಲೌಸ್ ಹೊಲಿಯುತ್ತೇನೆ. 2023ರಲ್ಲಿ ಕೆಮ್ಮು, ಸಂಜೆ ಜ್ವರ ಅಂತ ಆಸ್ಪತ್ರೆಗೆ ಹೋದೆ. ಕಫ ಪರೀಕ್ಷೆ ಮಾಡಿ, ಟಿ.ಬಿ.ಯ ಮುಖ್ಯ ಮಾತ್ರೆ ರಿಫಾಂಪಿಸಿನ್ ನಿಮಗೆ ನಾಟುವುದಿಲ್ಲ ಅಂದರು. ಎರಡನೇ ಹಂತದ ಔಷಧಿ ಶುರುವಾಯಿತು. ಬೆಡಾಕ್ವಿಲಿನ್, ಲಿನೆಜೊಲಿಡ್, ಕ್ಲೊಫಜಿಮಿನ್, ಇನ್ನೂ ಎರಡು. ಒಂದು ರೂಪಾಯಿ ಖರ್ಚಿಲ್ಲ. ಮೈ ಕಪ್ಪಾಗುತ್ತೆ ಅಂತ ಮೊದಲೇ ಹೇಳಿದ್ದರು, ಆಯಿತು. ‘ಬಿಸಿಲಲ್ಲಿ ತಿರುಗ್ತೀಯಾ?’ ಅಂದವರಿಗೆ ಹೂಂ ಅಂದೆ. ಹೃದಯಕ್ಕೆ ತೊಂದರೆ ಆಗದಿರಲಿ ಅಂತ ಇಸಿಜಿಯನ್ನೂ ತಪ್ಪದೆ ತೆಗೆದರು.

ಐದನೇ ತಿಂಗಳಿಗೆ ಪಾದ ಜೋಮು ಹಿಡಿಯತೊಡಗಿತು. ಮಿಷನ್ ಪೆಡಲ್ ತುಳಿದರೆ ಕಂಬಳಿ ತುಳಿದ ಹಾಗೆ. ಒಂದು ರಾತ್ರಿ ಕಾಲಿಗೆ ಎಣ್ಣೆ ಹಚ್ಚಲು ಬಂದ ಮಗಳು ಕೂಗಿಕೊಂಡಳು. ಅಂಗಾಲಲ್ಲಿ ಗುಂಡುಪಿನ್ನು ಕೂತಿತ್ತು. ಯಾವಾಗ ಚುಚ್ಚಿತೋ ನನಗೆ ಗೊತ್ತೇ ಇಲ್ಲ.

ಆಮೇಲೆ ಬಣ್ಣ. ಮರೂನ್ ಬ್ಲೌಸಿಗೆ ಕಾಫಿ ಬಣ್ಣದ ದಾರದಲ್ಲಿ ಹೆಮ್ಮಿಂಗ್ ಮಾಡಿಬಿಟ್ಟೆ. ‘ಏನಕ್ಕಾ ಇದು’ ಅಂತ ಗಿರಾಕಿ ಬಾಗಿಲ ಬೆಳಕಿಗೆ ಹಿಡಿದು ತೋರಿಸಿದರೂ ನನಗೆ ಎರಡೂ ಒಂದೇ! ಇಪ್ಪತ್ತೆರಡು ವರ್ಷದಿಂದ ದಾರ ಹೊಂದಿಸುವ ಕಣ್ಣು ಇದು. ಚಾಳೀಸು ಬಂತೇನೋ ಅಂದುಕೊಂಡು ಸಂತೆಯಲ್ಲಿ ನೂರೈವತ್ತು ರೂಪಾಯಿಯ ಕನ್ನಡಕ ಕೊಂಡೆ.

ಮಾತ್ರೆ ಕೊಡುವ ಕಡೆ ತಿಂಗಳು ತಿಂಗಳು ತೂಕ ನೋಡುತ್ತಿದ್ದರು, ಕೆಮ್ಮು ಹೇಗಿದೆ ಅಂತ ಕೇಳುತ್ತಿದ್ದರು, ಅಷ್ಟೇ. ನಾನೂ ಬಾಯಿ ಬಿಡಲಿಲ್ಲ. ಮಾತ್ರೆ ನಿಲ್ಲಿಸಿಬಿಟ್ಟರೆ ಅನ್ನೋ ಭಯ. ಕೊನೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಒಬ್ಬರು, ಒಂದು ಕಣ್ಣು ಮುಚ್ಚಿಸಿ, ಪೆನ್ನಿನ ಕೆಂಪು ಕ್ಯಾಪು ಹಿಡಿದು ‘ಇದು ಯಾವ ಬಣ್ಣ?’ ಅಂದರು. ‘ಇಟ್ಟಿಗೆ ಬಣ್ಣ ಮೇಡಂ’ ಅಂದೆ. ಅವರ ಮುಖ ನೋಡಿಯೇ ಗೊತ್ತಾಯಿತು. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಚುಕ್ಕಿ ಚುಕ್ಕಿಯ ಚಿತ್ರಗಳಲ್ಲಿ ಅಡಗಿದ್ದ ಅಂಕಿ ಒಂದೂ ಕಾಣಲಿಲ್ಲ.

ಲಿನೆಜೊಲಿಡ್ ಕೆಲವರಿಗೆ ಹೀಗೆ ಮಾಡುತ್ತದಂತೆ. ಕಾಲಿನ ನರ, ಕಣ್ಣಿನ ನರ, ರಕ್ತ, ಮೂರರ ಮೇಲೂ ಕಣ್ಣಿಡಬೇಕಂತೆ. ನನಗೆ ಅದನ್ನು ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಬಣ್ಣ ವಾಪಸ್ ಬಂತು. ಕಾಲು ಮಾತ್ರ ಈಗಲೂ ಪೂರ್ತಿ ನನ್ನದಲ್ಲ.

ಔಷಧಿಯನ್ನು ದೂರುತ್ತಿಲ್ಲ. ಅದಿಲ್ಲದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೊದಲು ಈ ಕಾಯಿಲೆಗೆ ತಿಂಗಳುಗಟ್ಟಲೆ ಇಂಜೆಕ್ಷನ್ ಇತ್ತು, ಅದರಿಂದ ಎಷ್ಟೋ ಜನರ ಕಿವಿ ಹೋಯಿತು. ಹಾಗೆ ಕಿವಿ ಕಳೆದುಕೊಂಡ ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಇಬ್ಬರೂ ಸೇರಿ ಬೆಡಾಕ್ವಿಲಿನ್ ಪೇಟೆಂಟ್, ಅಂದರೆ ಒಂದೇ ಕಂಪನಿ ತಯಾರಿಸುವ ಹಕ್ಕು, ಮುಂದುವರಿಸಬೇಡಿ ಅಂತ ತಕರಾರು ಹಾಕಿ 2023ರ ಮಾರ್ಚ್‌ನಲ್ಲಿ ಗೆದ್ದರು. ನನ್ನಂಥವರಿಗೆ ಇಂಜೆಕ್ಷನ್ ತಪ್ಪಿದ್ದು ಈ ಮಾತ್ರೆಯಿಂದಲೇ ಅಲ್ವಾ?

ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ಆರು ತಿಂಗಳ ಚಿಕಿತ್ಸೆಯಲ್ಲೂ ಬೆಡಾಕ್ವಿಲಿನ್, ಪ್ರೆಟೊಮನಿಡ್, ಮಾಕ್ಸಿಫ್ಲಾಕ್ಸಸಿನ್ ಜೊತೆ ಲಿನೆಜೊಲಿಡ್ ಇದ್ದೇ ಇದೆ. ಹಾಗಾಗಿ ಆರೋಗ್ಯ ಇಲಾಖೆಯವರಲ್ಲಿ ಕೇಳಿಕೊಳ್ಳುವುದು ಇಷ್ಟು: ತೂಕ ನೋಡುವಾಗಲೇ ಕಾಲು ಜೋಮಾ, ಬಣ್ಣ ಸರಿಯಾಗಿ ಕಾಣುತ್ತಾ ಅಂತ ಕೇಳಿ. ಮಾತ್ರೆ ಕವರಿನೊಳಗೆ ಕನ್ನಡದಲ್ಲಿ ಒಂದು ಚೀಟಿ ಹಾಕಿ. ಮಾತ್ರೆ ನುಂಗುತ್ತಿರುವವರೂ ಸುಮ್ನೆ ಮುಚ್ಚಿಡಬೇಡಿ, ನೀವಾಗಿಯೇ ನಿಲ್ಲಿಸಲೂ ಬೇಡಿ. ಪ್ರಮಾಣ ಕಡಿಮೆ ಮಾಡಬೇಕೋ, ಮಾತ್ರೆ ಬದಲಿಸಬೇಕೋ ಡಾಕ್ಟರೇ ನೋಡುತ್ತಾರೆ.

ಹೆಸರು ಹಾಕಬೇಡಿ ಸಾರ್. ಮಗಳಿಗೆ ಗಂಡು ನೋಡುತ್ತಿದ್ದೇವೆ.

– ಓದುಗಿ, ತಿಪಟೂರು