ತತ್ತಿ ಮುಳುಗಿಸಿದ ಮಕ್ಕಳಿಗೆ

ನಿನ್ನೆ ಮೊದಲ ಸಲ ಊರುಗೋಲು ಮನೇಲೇ ಬಿಟ್ಟು ಶಾಲೆಗೆ ಹೋಗಿ ಬಂದೆ. ಫೋನ್ ಮಾಡಿ, ಮನೆವರೆಗೂ ಬಂದು ವಿಚಾರಿಸಿದ ಎಲ್ಲರಿಗೂ ಥ್ಯಾಂಕ್ಸ್ ಹೇಳೋದಿದೆ, ಹೇಳ್ತೇನೆ, ಆದ್ರೆ ಮೊದಲು ನಮ್ಮ ಪಕ್ಕದ ಹೈಸ್ಕೂಲಿನ ಒಂಬತ್ತು, ಹತ್ತನೇ ಕ್ಲಾಸಿನ ಆ ಹನ್ನೊಂದು ಮಕ್ಕಳಿಗೆ. ಅದ್ರಲ್ಲಿ ಆರು ಜನ ನನ್ನ ಕೈಯಲ್ಲೇ ಅ ಆ ಇ ಈ ತಿದ್ದಿದವರು.

ಗೊತ್ತಿಲ್ಲದವರಿಗೆ ಹೇಳ್ತೇನೆ, ಜೂನ್ ಕೊನೆಗೆ ಶಾಲೆಯ ಚಿರೇಕಲ್ಲಿನ ಮೆಟ್ಟಿಲ ಮೇಲೆ ಪಾಚಿಗೆ ಕಾಲು ಜಾರಿ ಬಿದ್ದು ಹಿಮ್ಮಡಿ ಗಂಟಿನ ಹತ್ರ ಮೂಳೆ ಮುರ್ಕೊಂಡೆ. ಆರು ವಾರ ಪ್ಲಾಸ್ಟರು. ಕುಮಟಾ ತಾಲೂಕಿನ ಹೊಳೆದಂಡೆ ಶಾಲೆ ನಮ್ದು, ಒಂದರಿಂದ ಐದು, ಕಲಿಸೋಕೆ ಇರೋದೇ ಇಬ್ಬರು, ನಾನು ಮತ್ತೆ ಮಾಸ್ತರು. ಪಾಪ ಮಾಸ್ತರು ಒಬ್ರೇ ಒಂದರಿಂದ ಮೂರರ ನಲಿಕಲಿನೂ ನೋಡಿ, ನಾಲ್ಕು ಐದೂ ನೋಡಿ, ಬಿಸಿಯೂಟದ ಲೆಕ್ಕ ಬರೆದು ಹೈರಾಣ. ಹಾಗಿರುವಾಗ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವು ಬಂದು ಸಣ್ಣವ್ರಿಗೆ ವಿಜ್ಞಾನದ ಪ್ರಯೋಗ ಮಾಡಿಸ್ತೇವೆ ಅಂತ ಈ ಮಕ್ಕಳು ಕೇಳಿದ್ರಂತೆ. ನಿಜ ಹೇಳ್ತೇನೆ, ನಾನು ಹಾಸಿಗೇಲಿ ಮಲ್ಕೊಂಡೇ ಬೇಡ ಅಂದಿದ್ದೆ. ಗ್ಲಾಸು ಒಡೀತಾರೆ, ಗಲಾಟೆ ಮಾಡ್ತಾರೆ, ಕೊನೆಗೆ ಕಸ ಗುಡಿಸೋರು ಯಾರು ಅಂತ. ಮಾಸ್ತರು ನನ್ನ ಮಾತು ಕೇಳ್ಲಿಲ್ಲ, ಪುಣ್ಯ.

ಮೊದಲ ವಾರದ ಸುದ್ದಿ ನನಗೆ ವಾಟ್ಸಾಪಲ್ಲೇ ಬಂತು. ಕಾಗದಕ್ಕೆ ಅರಿಶಿನ ಹಚ್ಚಿ ಅದ್ರ ಮೇಲೆ ಸೋಪಿನ ನೀರು ಬಿಟ್ರೆ ಕೆಂಪು, ಲಿಂಬೆ ಹಿಂಡಿದ್ರೆ ಮತ್ತೆ ಹಳದಿ. ಎರಡನೇ ಕ್ಲಾಸಿನ ಒಂದು ಹುಡುಗಿ ಅದನ್ನ ನೋಡಿದ್ದೇ "ಇದು ಮದುವೆ ಮನೆ ಆರತಿ ನೀರು!" ಅಂದ್ಬಿಟ್ಟಿದ್ದಾಳೆ. ಹೌದಲ್ಲ, ಅರಿಶಿನಕ್ಕೆ ಸುಣ್ಣ ಕಲಸಿದ್ರೆ ಆಗೋದು ಅದೇ. ಅಲ್ಲಿಂದ ಸುಣ್ಣ ಎಲ್ಲಿಂದ ಬಂತು, ಚಿಪ್ಪು ಸುಟ್ಟು ಅಂತ ಮಾತು ಹೋಗಿ, ಮಕ್ಕಳೇ ಓಡಿ ಹೋಗಿ ದಂಡೆಯಿಂದ ಬೆಳಚಿನ ಚಿಪ್ಪು ಆರಿಸ್ಕೊಂಡು ಬಂದು ವಿನೆಗರಲ್ಲಿ ಹಾಕಿ ಗುಳ್ಳೆ ಏಳೋದು ನೋಡಿದ್ರಂತೆ. ಮುರುಗಲು ನೀರಿಗೂ ಸೋಪು ಬೀಳ್ಬೇಕಿತ್ತು, ಆದ್ರೆ ಅರ್ಧ ಸಿಪ್ಪೆ ಪ್ರಯೋಗಕ್ಕೆ ಮೊದ್ಲೇ ಮಕ್ಕಳ ಬಾಯಿಗೆ ಹೋಗಿತ್ತು, ಅದು ಬಿಡಿ.

ನಾನು ಬರೀಬೇಕು ಅಂದ್ಕೊಂಡಿದ್ದು ತತ್ತಿ ಕಥೆ. ಪ್ಲಾಸ್ಟರು ಬಿಚ್ಚಿದ ಮೇಲೆ ಆಗಸ್ಟಲ್ಲಿ ಒಂದು ಶನಿವಾರ ಜಗಲಿ ಮೇಲೆ ಕುರ್ಚಿ ಹಾಕಿ, ಕಾಲು ಸ್ಟೂಲ್ ಮೇಲಿಟ್ಕೊಂಡು ಕೂತಿದ್ದೆ. ಹತ್ತನೇ ಕ್ಲಾಸಿನ ಹುಡುಗಿ ಒಂದು ಕೊಡಪಾನ ಅಘನಾಶಿನಿ ಅಳಿವೆ ನೀರು ತರ್ಸಿ, ಉಪ್ಪು ನೀರಲ್ಲಿ ತತ್ತಿ ತೇಲ್ತದೆ ನೋಡಿ ಅಂತ ಧೈರ್ಯವಾಗಿ ಬಿಟ್ಲು. ಮುಳುಗೋಯ್ತು. ಮಕ್ಕಳೆಲ್ಲ ಹೋ ಅಂತ ಕೂಗು. ನಾಲ್ಕನೇ ಕ್ಲಾಸಿನವನೊಬ್ಬ, "ಅಕ್ಕಾ, ಈಗ ಮಳೆಗಾಲ ಅಲ್ದಾ, ಗಜನಿಲಿ ಕಗ್ಗ ಭತ್ತ ಇದೆ, ಹೊಳೆ ನೀರು ಸಪ್ಪೆ" ಅಂದ. (ಗಜನಿ ಅಂದ್ರೆ ಅಳಿವೆ ದಂಡೆಯ ಉಪ್ಪು ನೆಲದ ಗದ್ದೆ, ಕಗ್ಗ ಅಲ್ಲಿ ಮಳೆಗಾಲಕ್ಕೆ ಬೆಳೆಯೋ ಭತ್ತ.) ಸರಿ, ಮುಂದಿನ ವಾರ ಗೋಕರ್ಣದ ಕಡಲಿನ ನೀರೇ ಕ್ಯಾನಲ್ಲಿ ತಂದ್ರು. ಅದ್ರಲ್ಲೂ ಮುಳುಗ್ತು! ಆ ಹುಡುಗಿ ಒಂದು ಗಳಿಗೆ ಸುಮ್ನೆ ನಿಂತು, "ಯಾಕೆ ಅಂತ ನನಗೂ ಗೊತ್ತಿಲ್ಲ, ಮುಂದಿನ ಶನಿವಾರ ಎಲ್ಲರೂ ಸೇರಿ ನೋಡುವ" ಅಂದ್ಲು. ಮೂರನೇ ವಾರ ಅಂಗಡಿಯಿಂದ ತಕ್ಕಡಿ ಬಂತು, ಸಾಣಿಕಟ್ಟಾ ಉಪ್ಪು ಬಂತು, ಒಂದು ಲೀಟರ್ ಬಾವಿ ನೀರಿಗೆ ಹತ್ತತ್ತು ಗ್ರಾಂ ಉಪ್ಪು ಹಾಕ್ತಾ ಐದನೇ ಕ್ಲಾಸಿನವ್ರು ಬೋರ್ಡ್ ಮೇಲೆ ಗೀಟು ಎಳೀತಾ ಹೋದ್ರು. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಲ್ಲಿಗೆ ತತ್ತಿ ಅಲ್ಲಾಡ್ಲೂ ಇಲ್ಲ. 100 ಆಯ್ತು, ಊಹೂಂ. 130ಕ್ಕೆ ಮೆಲ್ಲಗೆ ಎದ್ದು ಬಂತು. ಆ ಕೂಗಿಗೆ ಆಚೆ ಮನೆ ನಾಯಿ ಬೊಗಳಿತು.

ಈಗ ನನ್ನ ವಿಷಯ. ಸಮುದ್ರದ ನೀರಲ್ಲಿ ತತ್ತಿ ತೇಲ್ತದೆ ಅಂತ 19 ವರ್ಷ ಬೋರ್ಡ್ ಮೇಲೆ ಚಿತ್ರ ಬರೆದು ಹೇಳ್ಕೊಟ್ಟವಳು ನಾನೇ. ಕಡಲು ಇಷ್ಟು ಹತ್ರ ಇದ್ರೂ ಒಂದು ದಿನ ತತ್ತಿ ಹಾಕಿ ನೋಡಿದವಳಲ್ಲ. ಆ ಹುಡುಗಿಯೂ ಅದನ್ನ ಕಲ್ತಿದ್ದು ನನ್ನ ಹತ್ರಾನೇ. ಎರಡು ಶನಿವಾರ ಸಣ್ಣ ಮಕ್ಕಳೆದುರು ನಗೆಪಾಟಲಾದ್ರೂ, ನಾನು ಎದುರಿಗೇ ಕೂತಿದ್ರೂ, "ಅಕ್ಕೋರೇ ಹೇಳಿದ್ದು" ಅಂತ ಅವ್ಳ ಬಾಯಿಂದ ಬರ್ಲಿಲ್ಲ. ಮೂರನೇ ವಾರ ನಾನೇ ಕೂತಲ್ಲಿಂದ ಹೇಳ್ದೆ, ತಪ್ಪು ನಂದು ಅಂತ. ಮಗಾ, ನಿನಗೆ ಬೇರೆಯಾಗಿ ಥ್ಯಾಂಕ್ಸ್.

ಲಿಂಬೆ, ಅರಿಶಿನ, ಪಾತ್ರೆ ಎಲ್ಲ ಗೊಣಗದೆ ಕೊಟ್ಟ ಬಿಸಿಯೂಟದ ಅಕ್ಕನಿಗೆ, ತಕ್ಕಡಿ ಕೊಟ್ಟ ಅಂಗಡಿಯವ್ರಿಗೆ, ಹೊರಗೆ ನಿಂತೇ ನೋಡಿ ಒಂದು ಸಲಾನೂ ನಡುವೆ ಬಾಯಿ ಹಾಕದ ಹೈಸ್ಕೂಲಿನ ವಿಜ್ಞಾನ ಮಾಸ್ತರಿಗೆ (ನನ್ನಿಂದ ಆಗ್ತಿರ್ಲಿಲ್ಲ), ನನ್ನ ಕಾಲು ಸರಿ ಮಾಡಿದ ಡಾಕ್ಟರಿಗೆ ಎಲ್ಲರಿಗೂ ನಮಸ್ಕಾರ.

ಇನ್ನೊಂದು ಬಾಕಿ ಇದೆ. ಆಗಸ್ಟ್ 13ರ ಸುಮಾರಿಗೆ ನಮ್ಮಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇರೋದಿಲ್ಲ ಅಂತ ಅಂಗಳದಲ್ಲಿ ಬಿದಿರು ಕೋಲು ನೆಟ್ಟಿದ್ರಂತೆ. ಆ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಮಳೆ. ಏಪ್ರಿಲ್ ಕೊನೆಗೆ ಮತ್ತೊಮ್ಮೆ ಹಾಗೇ ಆಗ್ತದೆ, ರಜೆ ಆದ್ರೂ ಬರ್ತೇವೆ ಅಂದಿದ್ದಾರೆ. ಬಿದಿರು ಆಗ್ಲೇ ಗೆದ್ದಲು ತಿಂದಿದೆ. ನನ್ನ ಊರುಗೋಲು ನೆಟ್ಟಗಿದೆ, ತಗೊಂಡು ಬರ್ತೇನೆ.